ಅದೊಂದು ಹಾಕಿಬಿಡಿ, ದೊಡ್ಡಪ್ಪ

ನಿನ್ನೆ ಭಾನುವಾರ. ಬೆಳಿಗ್ಗೆ ಎಂಟೂವರೆಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆರೆದೆ. ಹತ್ತು ನಿಮಿಷದ ಕೆಲಸ, ಆಮೇಲೆ ಗಾಂಧಿ ಬಜಾರಿಗೆ ಹೋಗಿ ಮರಾಠಿ ಮೊಗ್ಗು ತರಬೇಕಿತ್ತು. ಮನೆಯಲ್ಲಿ ಬಿಸಿಬೇಳೆಬಾತಿನ ಪುಡಿಗೆ ಉಳಿದದ್ದೆಲ್ಲ ಹುರಿದು ತಟ್ಟೆಯಲ್ಲಿ ಆರುತ್ತಿತ್ತು. ಅದೊಂದೇ ಬಾಕಿ.

ನನಗೆ ಬೇಕಿದ್ದದ್ದು ಪಾರಿ ಅನ್ನೋ ಗಣಿತದ ತಂತ್ರಾಂಶ. ಫ್ರಾನ್ಸಿನ ಬೋರ್ಡೋದ ಗಣಿತಜ್ಞರು ಎಂಬತ್ತರ ದಶಕದಲ್ಲಿ ಶುರು ಮಾಡಿದ್ದು, ದುಡ್ಡಿಲ್ಲ, ಕಾಸಿಲ್ಲ, ದೊಡ್ಡ ದೊಡ್ಡ ಸಂಖ್ಯೆಗಳನ್ನು ಕಡ್ಲೆಕಾಯಿ ಸುಲಿದ ಹಾಗೆ ಒಡೆಯುತ್ತದೆ. ಸೋಮವಾರ ಪಿಯುಸಿ ಹುಡುಗರಿಗೆ ತೋರಿಸೋಣ ಅಂತ ಆಸೆ. ನಾದಿನಿಯ ಮಗ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರು. ಅವನೇ ಹೇಳಿದ್ದು: "ಸೋರ್ಸ್‌ನಿಂದಾನೇ, ಅಂದ್ರೆ ಮೂಲ ಕೋಡಿನಿಂದ, ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿ ಕಟ್ಕೊಳ್ಳಿ ದೊಡ್ಡಪ್ಪ. ನಿಮ್ಮ ಪ್ರೊಸೆಸರ್‌ಗೆ ತಕ್ಕ ಹಾಗೆ ಕೂತ್ಕೊಳ್ಳುತ್ತೆ. ಜಿಎಂಪಿ ಅಂತ ಒಂದಿದೆ, ದೊಡ್ಡ ಸಂಖ್ಯೆಗಳ ಲೆಕ್ಕ ಮಾಡೋ ಲೈಬ್ರರಿ, ಮೊದಲು ಅದೊಂದು ಹಾಕಿಬಿಡಿ."

ಈ "ಅದೊಂದು" ಅನ್ನೋ ಪದವನ್ನು ನೀವು ಗಮನಿಸಬೇಕು. ಮದುವೆ ಛತ್ರದಲ್ಲಿ "ಬರೀ ಹತ್ತು ಜನ ಜಾಸ್ತಿ" ಅಂತ ಬೀಗರು ಹೇಳ್ತಾರಲ್ಲ, ಅದೇ ಜಾತಿಯದು.

ಜಿಎಂಪಿ ಇಳಿಸಿಕೊಂಡೆ. ಬಿಚ್ಚೋಕೆ ಹೋದರೆ ಬಿಚ್ಚಲೊಲ್ಲದು. ಅದು ಕಟ್ಟಿದ್ದು ಎಲ್‌ಜಿಪ್ ಅನ್ನೋ ಗಂಟಿನಲ್ಲಂತೆ, ಆ ಗಂಟು ಬಿಚ್ಚೋ ತಂತ್ರಾಂಶ ನನ್ನಲ್ಲಿಲ್ಲ. ಫೋನು. "ಓ, ಎಲ್‌ಜಿಪ್ಪಾ? ಅದೊಂದು ಹಾಕಿಬಿಡಿ ದೊಡ್ಡಪ್ಪ." ಹಾಕಿದೆ. ಬಿಚ್ಚಿತು. ಕಾನ್‌ಫಿಗರ್ ಅಂತ ಹೊಡೆದೆ, ಕಟ್ಟೋ ಮೊದಲು ಯಂತ್ರದಲ್ಲಿ ಏನೇನಿದೆ ಅಂತ ನೋಡೋ ಆಜ್ಞೆ. ಪರದೆ ತುಂಬ ಪ್ರಶ್ನೆ, ಅದಕ್ಕೆ ಅದೇ ಉತ್ತರ. ನಡುವೆ ಒಂದು ಸಾಲು: ಇಲ್ಲಿನ ವಾತಾವರಣದ ಬುದ್ಧಿ ಸ್ವಸ್ಥವಾಗಿದೆಯೇ? ಹೌದು. ಅದನ್ನು ಓದುವಷ್ಟರಲ್ಲಿ ಇನ್ನೊಂದು ಸಾಲು ಬಂದು ನಿಂತಿತು: ಬಳಸಬಹುದಾದ ಎಂ4 ಪಾತ್‌ನಲ್ಲೂ ಇಲ್ಲ, 5ಬಿನ್‌ನಲ್ಲೂ ಇಲ್ಲ.

ಎಂ4! ಬನಶಂಕರಿ ಬಸ್ಸಿನ ನಂಬರಿದ್ದ ಹಾಗಿದೆ. ಪಾತ್ ಅಂದರೆ ಯಂತ್ರ ತಂತ್ರಾಂಶ ಹುಡುಕೋ ಜಾಗಗಳ ಪಟ್ಟಿ. 5ಬಿನ್ ಅನ್ನೋ ಜಾಗ ನನ್ನ ಯಂತ್ರದಲ್ಲೇ ಇಲ್ಲ, ಅಲ್ಲೂ ಹುಡುಕಿ ಬಂದಿದೆ ಪಾಪ. ಆಮೇಲೆ ಗೊತ್ತಾಯಿತು, ಎಂ4 ಅಂದರೆ ಬೆಲ್ ಲ್ಯಾಬ್ಸ್‌ನ ಕರ್ನಿಗನ್ ಮತ್ತು ರಿಚಿ 1977ರಲ್ಲಿ ಬರೆದ, ಮ್ಯಾಕ್ರೋ ಅನ್ನೋ ಕೋಡಿನ ಸಂಕ್ಷೇಪಗಳನ್ನು ಬಿಡಿಸುವ ತಂತ್ರಾಂಶ. ಜಿಎಂಪಿಯೊಳಗಿನ ಅಸೆಂಬ್ಲಿ ಕೋಡನ್ನು (ಪ್ರೊಸೆಸರಿನ ಭಾಷೆಗೆ ತೀರಾ ಹತ್ತಿರದ್ದು) ಕಂಪೈಲ್ ಆಗೋ ರೂಪಕ್ಕೆ ತರುವುದು ಅದರ ಕೆಲಸ. ಕೊನೆಗೆ ಲೆಕ್ಕ ಮಾಡುವಾಗ ಅದರ ಹೆಸರು ಎಲ್ಲೂ ಬರುವುದಿಲ್ಲ. ಆದರೆ ಅದಿಲ್ಲದೆ ಒಲೆ ಹೊತ್ತುವುದಿಲ್ಲ.

"ಎಂ4ಆ? ಅದೊಂದು..."

"ಗೊತ್ತು ಕಣೋ," ಅಂತ ಫೋನಿಟ್ಟೆ. ಅಷ್ಟು ಹೊತ್ತಿಗೆ ನನಗೂ ಹಟ ಹತ್ತಿತ್ತು. ಎಂ4 ಅನ್ನೂ ಸೋರ್ಸ್‌ನಿಂದಲೇ ಕಂಪೈಲ್ ಮಾಡಿದೆ. ಯಾರೂ ಕೇಳಿರಲಿಲ್ಲ.

ಅಡುಗೆಮನೆಯಿಂದ ದನಿ: "ರೀ, ಮೊಗ್ಗು?"

"ಹತ್ತು ನಿಮಿಷ."

ಜಿಎಂಪಿ ಕಟ್ಟಿ ಮುಗಿದ ಮೇಲೆ ಪರೀಕ್ಷೆ ಮಾಡಲೇಬೇಕೆಂದು ಅದನ್ನು ಬರೆದವರೇ ಒತ್ತಿ ಹೇಳಿದ್ದಾರೆ. ಕಂಪೈಲರು ಎಲ್ಲೋ ಎಡವಿದ್ದರೆ ಲೆಕ್ಕ ತಪ್ಪಾದೀತು, ಅದಕ್ಕೆ. ಒಪ್ಪತಕ್ಕ ಮಾತು. ಪರದೆ ಮೇಲೆ ಪಾಸ್, ಪಾಸ್, ಪಾಸ್ ಅಂತ ಸಾಲುಸಾಲಾಗಿ ಏರತೊಡಗಿತು. ನನ್ನ ಇಷ್ಟು ವರ್ಷದ ಮೇಷ್ಟರಿಕೆಯಲ್ಲಿ ಒಂದೇ ಕ್ಲಾಸಿನಲ್ಲಿ ಇಷ್ಟು ಪಾಸ್ ಕಂಡಿಲ್ಲ. ಕಣ್ತುಂಬಿಕೊಳ್ಳುತ್ತಾ ಕೂತೆ. ಕರೆಂಟ್ ಹೋಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಹೋಗಿ ಎರಡು ವರ್ಷವಾಗಿದೆ.

ಮಧ್ಯಾಹ್ನದ ಊಟ ಅನ್ನ, ಸಾರು. ಯಾರೂ ಮಾತಾಡಲಿಲ್ಲ.

ಸಂಜೆ ಐದಕ್ಕೆ ಪಾರಿ ಎದ್ದು ಕೂತಿತು. ಎರಡು ಪ್ಲಸ್ ಎರಡು ಕೇಳಿದೆ, ನಾಲ್ಕು ಅಂದಿತು. ಹಿಂದಿನ ಸಾಲಿಗೆ ಹೋಗೋಣ ಅಂತ ಮೇಲ್ಮುಖದ ಬಾಣ ಒತ್ತಿದರೆ ಚೌಕಾಕಾರದ ಕಂಸಗಳು ಎರಡೆರಡಾಗಿ ಉದುರಿದವು. ಮತ್ತೆ ಫೋನು. ಆ ಕಡೆ ಮಾಲಿನ ಗದ್ದಲ.

"ಬಾಣ ಒತ್ತಿದರೆ ಹಿಂದಿನ ಸಾಲು ತರೋ ರೀಡ್‌ಲೈನ್ ಇದೆ ದೊಡ್ಡಪ್ಪ, ಡೆವ್ ಇಲ್ಲ."

"ದೇವರಿಲ್ಲವಾ?"

"ಡೆವ್, ಡೆವ್! ಲೈಬ್ರರಿ ಇದೆ, ಕಂಪೈಲರಿಗೆ ಅದರ ಗುರುತು ಹೇಳೋ ಹೆಡರ್ ಫೈಲು ಬೇರೆ ಪ್ಯಾಕೇಜಿನಲ್ಲಿರುತ್ತೆ. ಅದೊಂದು ಹಾಕಿ, ಪಾರಿನ ಇನ್ನೊಂದ್ಸಲ ಕಂಪೈಲ್ ಮಾಡ್ಬಿಡಿ."

ಇನ್ನೊಂದ್ಸಲ. ಮನೆಯಲ್ಲಿ ಯಜಮಾನರಿದ್ದಾರೆ, ಬಾಗಿಲ ಮೇಲೆ ಹೆಸರಿನ ಬೋರ್ಡಿಲ್ಲ, ಅದಕ್ಕೇ ಪೋಸ್ಟ್‌ಮ್ಯಾನ್ ಕಾಗದ ವಾಪಸ್ ತಗೊಂಡು ಹೋದ, ಅನ್ನೋ ಕತೆ. ಈ ಸಲ ಹಟ ಮಾಡಲಿಲ್ಲ. ಡೆವ್ ಅನ್ನು ರೆಡಿ ಪ್ಯಾಕೇಜಿನಲ್ಲೇ ತರಿಸಿದೆ. ಜೊತೆಗೆ ಎನ್‌ಕರ್ಸಸ್ ಅನ್ನೋ ಪರದೆ ಮೇಲೆ ಅಕ್ಷರ ಕೂರಿಸೋ ಲೈಬ್ರರಿಯ ಡೆವ್ ಕೂಡ ಕರೆಯದೆ ಬಂತು. ಕರ್ಸರ್‌ನಿಂದ ಬಂದ ಹೆಸರಂತೆ. ಆ ಹೊತ್ತಿನಲ್ಲಿ ನಾನು ಶಾಪ ಅಂತಲೇ ಓದಿಕೊಂಡೆ.

ಹಾಗೆ ಕಾಯುತ್ತಾ ಕೂತಾಗ ಕೋಲ್ ನೆನಪಾದ. ಹುಡುಗರಿಗೆ ನಾನು ತೋರಿಸಬೇಕೆಂದಿದ್ದದ್ದೇ ಅವನ ಸಂಖ್ಯೆ: 2ರ 67ನೇ ಘಾತದಿಂದ 1 ಕಳೆದದ್ದು. ಅದು ಅವಿಭಾಜ್ಯ ಅಂತ 1644ರಲ್ಲಿ ಫ್ರಾನ್ಸಿನ ಮರ್ಸೆನ್ ಹೇಳಿದ್ದ. ಅಲ್ಲ ಅಂತ ಅದೇ ದೇಶದ ಗಣಿತಜ್ಞ ಲ್ಯೂಕಾ 1876ರಲ್ಲಿ ಸಾಧಿಸಿದ, ಅಪವರ್ತನಗಳು ಮಾತ್ರ ಸಿಗಲಿಲ್ಲ. 1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಭೆಯೊಂದರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಬೋರ್ಡಿನ ಹತ್ತಿರ ಹೋಗಿ, ತುಟಿ ಬಿಚ್ಚದೆ, ಒಂದು ಕಡೆ ಆ ಸಂಖ್ಯೆ ಬರೆದು, ಇನ್ನೊಂದು ಕಡೆ ಎರಡು ಸಂಖ್ಯೆಗಳನ್ನು ಕೈಯಲ್ಲೇ ಗುಣಿಸಿ ತೋರಿಸಿ ಬಂದು ಕೂತನಂತೆ. ಎಷ್ಟು ದಿನ ಹಿಡಿಯಿತು ಅಂತ ಆಮೇಲೆ ಕೇಳಿದವರಿಗೆ, ಮೂರು ವರ್ಷದ ಭಾನುವಾರಗಳು ಅಂದನಂತೆ. ಅಷ್ಟು ಭಾನುವಾರ ಅವನ ಮನೆಯವರು ಏನು ತರಲು ಹೇಳಿದ್ದರೋ, ಅವನು ಏನು ಮರೆತನೋ. ಅವನಿಗೆ ಬೇಕಿದ್ದದ್ದು ಕಾಗದ, ಸೀಸದಕಡ್ಡಿ. ಎರಡಕ್ಕೂ ಡೆವ್ ಬೇಕಿರಲಿಲ್ಲ. ಒಂದು ಕ್ಷಣ ಹೊಟ್ಟೆಕಿಚ್ಚಾಯಿತು ನೋಡಿ.

ರಾತ್ರಿ ಒಂಬತ್ತೂವರೆಗೆ ಎಲ್ಲ ಸಿದ್ಧ. ನೋಡು ಬಾ ಅಂತ ಇವಳನ್ನು ಕರೆದೆ. ಕೈ ಒರೆಸಿಕೊಳ್ಳುತ್ತಾ ಬಂದು ಹಿಂದೆ ನಿಂತಳು. ಸಂಖ್ಯೆ ಹೊಡೆದು ಎಂಟರ್ ಒತ್ತಿದೆ. ಬೆರಳು ಎತ್ತುವ ಮೊದಲೇ ಎರಡೂ ಬಂದು ನಿಂತಿದ್ದವು: 193707721, 761838257287.

"ಇಷ್ಟೇನಾ?" ಅಂದಳು.

"ಇಷ್ಟೇ ಅಂದ್ರೆ? ಬೆಳಿಗ್ಗೆಯಿಂದ..."

ಫೋನು ಕುಂಯ್ ಅಂದಿತು. ವೈಟ್‌ಫೀಲ್ಡ್. "ಆಯ್ತಾ ದೊಡ್ಡಪ್ಪ? ಅಂದ ಹಾಗೆ ನಿಮ್ಮ ಲ್ಯಾಪ್‌ಟಾಪ್ ಓಡೋ ಉಬುಂಟುವಿನಲ್ಲಿ ಪಾರಿ ರೆಡಿ ಪ್ಯಾಕೇಜೇ ಇದೆ. ಒಂದೇ ಸಾಲು."

ತಟ್ಟೆ ಬಂತು. ಬಿಸಿಬೇಳೆಬಾತು, ಮೇಲೆ ತುಪ್ಪ, ಪಕ್ಕಕ್ಕೆ ಬೂಂದಿ. ಒಂದು ತುತ್ತು ಬಾಯಿಗಿಟ್ಟು, ಪರವಾಗಿಲ್ಲ, ಮೊಗ್ಗು ಇಲ್ಲದಿದ್ದರೂ ಚೆನ್ನಾಗಿದೆಯಲ್ಲ ಅಂದೆ.

"ಮೊಗ್ಗು ಇದೆ," ಅಂದಳು. "ಮೂಲೆ ಅಂಗಡಿಯಿಂದ ರೆಡಿ ಪುಡಿ ತರಿಸಿದೆ. ಹತ್ತೇ ನಿಮಿಷ ಆಯ್ತು."