ಮೂರೇ ಕಾರ್ಡ್ ಅಂತ ನಗುವವರಿಗೆ, ಒಬ್ಬ ರಮೋನ್ಸ್ ಹುಚ್ಚನಿಂದ

"ಅದೇನ್ರೀ, ಮೂರು ಕಾರ್ಡ್ ಗೊತ್ತಿದ್ರೆ ಯಾರು ಬೇಕಾದ್ರೂ ನುಡಿಸ್ತಾರೆ." ಅಮೆರಿಕದ ಪಂಕ್ ರಾಕ್ ಬ್ಯಾಂಡ್ ರಮೋನ್ಸ್ ಬಗ್ಗೆ ಈ ಮಾತನ್ನು (ಕಾರ್ಡ್ ಅಂದರೆ ಗಿಟಾರಿನಲ್ಲಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಗಿಟಾರ್ ಹಿಡಿದವರ ಬಾಯಲ್ಲೇ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಇವತ್ತು ಬರೆದೇ ಬಿಡುತ್ತೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ನಾನು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಿ ಬದುಕುವವನು. ಗಣೇಶೋತ್ಸವ, ರಾಜ್ಯೋತ್ಸವ, ಮದುವೆ ರಿಸೆಪ್ಷನ್. ಇಳಯರಾಜ, ಹಂಸಲೇಖ ಅವರ ಹಾಡುಗಳನ್ನು ನುಡಿಸಿಯೇ ಕೈ ಪಳಗಿದ್ದು, ಹಾಗಾಗಿ ಕಷ್ಟದ ಸಂಗೀತ ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನನ್ನ ಬಲಗೈ ನಿಜವಾಗಿ ಸೋಲುವುದು ಆ ಬ್ಯಾಂಡಿನ ಗಿಟಾರಿಸ್ಟ್ ಜಾನಿ ರಮೋನ್ ಮುಂದೆ.

ಅವನು ಮಾಡುತ್ತಿದ್ದುದು ಇಷ್ಟೇ. ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಮೇಲಿಂದ ಕೆಳಕ್ಕೆ ಹೊಡೆಯುವುದು. ಕೆಳಗಿಂದ ಮೇಲಕ್ಕೆ ಬರುವಾಗ ತಂತಿ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಕೆಲಸ ಅರ್ಧಕ್ಕರ್ಧ ಹಗುರ, ಆದರೆ ಆ ಸದ್ದು ಹೋಯಿತು. ಹಾಡುಗಳ ವೇಗ ನಿಮಿಷಕ್ಕೆ 170 ಬೀಟ್ ಆಸುಪಾಸು ಅಥವಾ ಇನ್ನೂ ಜಾಸ್ತಿ, ಒಂದೊಂದು ಬೀಟಿಗೆ ಎರಡು ಏಟು, ಅಂದರೆ ಸೆಕೆಂಡಿಗೆ ಐದಾರು. ಎಡಗೈ ಪೂರ್ತಿ ಬಾರ್ ಕಾರ್ಡ್, ಅಂದರೆ ತೋರುಬೆರಳು ತಂತಿಗಳಿಗೆಲ್ಲ ಅಡ್ಡವಾಗಿ ಕೂರುವ ಕಾರ್ಡ್, ಒತ್ತಿ ಹಿಡಿದಿರಬೇಕು. ನಿಂತುಕೊಂಡು, ಗಿಟಾರನ್ನು ತೊಡೆಯ ಹತ್ತಿರ ಇಳಿಬಿಟ್ಟುಕೊಂಡು ನುಡಿಸಬೇಕು. ಒಂದು ಹಾಡು ಮುಗಿದ ಕೂಡಲೇ ಬೇಸ್ ಗಿಟಾರಿನ ಡೀ ಡೀ "ಒನ್ ಟೂ ತ್ರೀ ಫೋರ್" ಅಂತ ಕೂಗಿ ಮುಂದಿನದನ್ನು ಶುರು ಮಾಡುತ್ತಾನೆ, ನೀರು ಕುಡಿಯೋಕೂ ಟೈಮಿಲ್ಲ. 1977ರ ಡಿಸೆಂಬರ್ 31ರಂದು ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ರೆಕಾರ್ಡ್ ಆದ ಲೈವ್ ಆಲ್ಬಂ ಇದೆ, 'ಇಟ್ಸ್ ಅಲೈವ್'. 28 ಹಾಡು, ಒಂದು ಗಂಟೆಯೊಳಗೆ ಮುಗಿದಿದೆ. ನಾಲ್ಕು ಹಾಡು ಅದರ ಜೊತೆ ನುಡಿಸಿ ನೋಡಿ. ಎರಡನೆಯದಕ್ಕೇ ಮುಂಗೈ ಕಟ್ಟಿಗೆ ಆಗುತ್ತೆ.

ಇನ್ನು ಟಾಮಿ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಫಾರೆಸ್ಟ್ ಹಿಲ್ಸ್ ಅನ್ನೋ ಬಡಾವಣೆಯ ಹುಡುಗರು 1974ರಲ್ಲಿ ಬ್ಯಾಂಡ್ ಕಟ್ಟಿದಾಗ ಡ್ರಮ್ಸ್ ಮೇಲಿದ್ದವನು ಜೋಯಿ. ಅವನನ್ನು ಹಾಡೋಕೆ ಮುಂದೆ ತಂದರು. ಡ್ರಮ್ಮರ್ ಬೇಕಾಯಿತು. ಬಂದವರಿಗೆಲ್ಲ ನುಡಿಸೋಕೆ ಬರುತ್ತಿತ್ತು, ಆದರೆ ಇಷ್ಟು ಸರಳವಾಗಿ, ಏನೂ ಸೇರಿಸದೆ ನುಡಿಸೋಕೆ ಒಬ್ಬರಿಗೂ ಆಗಲಿಲ್ಲ. ಬ್ಯಾಂಡಿನ ವ್ಯವಹಾರ ನೋಡಿಕೊಳ್ಳೋಕೆ ಅಂತ ಬಂದಿದ್ದ ಟಾಮಿ "ಹೀಗೆ ಬೇಕು" ಅಂತ ತೋರಿಸುತ್ತಾ ತೋರಿಸುತ್ತಾ ಕೊನೆಗೆ ತಾನೇ ಕೂತ. ಅದಕ್ಕೆ ಮುಂಚೆ ಅವನು ಡ್ರಮ್ಮರ್ರೇ ಅಲ್ಲ! ಯಾರು ಬೇಕಾದ್ರೂ ನುಡಿಸ್ತಾರಂತೆ.

ಪಂಕ್ ಅಂದರೆ ಅಂಕೆ ಇಲ್ಲದ್ದು, ಕುಡಿದು ಗಲಾಟೆ ಮಾಡೋದು ಅಂತ ಒಂದು ಚಿತ್ರ ಜನರ ತಲೆಯಲ್ಲಿ ಕೂತಿದೆ. ಬೇರೆ ಬ್ಯಾಂಡ್‌ಗಳ ವಿಷಯ ಬಿಡಿ. ರಮೋನ್ಸ್ ನನಗೆ ಇಷ್ಟ ಆಗಿದ್ದು ಅದರ ಶಿಸ್ತಿಗೆ. ಜಾನಿ ಮೊದಲು ಕಟ್ಟಡ ಕೆಲಸ ಮಾಡುತ್ತಿದ್ದವನು. ಸ್ಟೇಜನ್ನೂ ಅವನು ಹಾಗೇ ನೋಡಿದ, ಟೈಮಿಗೆ ಬಾ, ಕೆಲಸ ಮುಗಿಸು, ಹೊರಡು. ಮೊದಲ ಆಲ್ಬಂ 1976ರಲ್ಲಿ ಸುಮಾರು 6,400 ಡಾಲರಿನಲ್ಲಿ, ಒಂದು ವಾರದ ಆಸುಪಾಸಿನಲ್ಲಿ ರೆಡಿ. ಹದಿನಾಲ್ಕು ಹಾಡು, ಅರ್ಧ ಗಂಟೆಯೂ ಇಲ್ಲ. ಒಂದು ಕಿವಿಗೆ ಗಿಟಾರ್, ಇನ್ನೊಂದು ಕಿವಿಗೆ ಬೇಸ್. ಹೆಡ್‌ಫೋನಿನ ಒಂದು ಕಡೆ ತೆಗೆದುಬಿಟ್ಟರೆ ಸಾಕು, ಬೇಸ್ ಹೋಗಿ ಜಾನಿಯ ಗಿಟಾರ್ ಸ್ಪಷ್ಟವಾಗಿ ಸಿಗುತ್ತೆ. ನನಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಸಿಗಲಿಲ್ಲ.

ಆಮೇಲಿನದು ಅಷ್ಟು ಚಂದದ ಕತೆ ಅಲ್ಲ. ಜೋಯಿಯ ಗೆಳತಿ ಲಿಂಡಾ ಅವನನ್ನು ಬಿಟ್ಟು ಜಾನಿಯ ಜೊತೆ ಹೋದಳು, ಮದುವೆಯೂ ಆಯಿತು. ಅಲ್ಲಿಂದ ಇಬ್ಬರಿಗೂ ಹೆಚ್ಚುಕಡಿಮೆ ಮಾತು ಬಂದ್. ರಾಜಕೀಯದಲ್ಲೂ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ. ಆದರೂ ಅದೇ ವ್ಯಾನಿನಲ್ಲಿ ಕೂತು, ಅದೇ ಸ್ಟೇಜ್ ಹತ್ತಿ 1996ರವರೆಗೆ ನುಡಿಸಿದರು. ಒಟ್ಟು 2,263 ಶೋ. ಜೋಯಿ ಕ್ಯಾನ್ಸರ್‌ನಿಂದ ಸಾಯುವ ಹೊತ್ತಿಗೂ ಜಾನಿ ಒಂದು ಫೋನ್ ಮಾಡಲಿಲ್ಲ. ಇದನ್ನು ನಾನು ಸಮರ್ಥಿಸುವುದಿಲ್ಲ. ಅಭಿಮಾನ ಬೇರೆ, ಅದು ಬೇರೆ.

ದುಡ್ಡು? ರೆಕಾರ್ಡಿಗಿಂತ ಟೀ ಶರ್ಟಿನಲ್ಲೇ ಜಾಸ್ತಿ ಬಂತು. ಆರ್ಟುರೊ ವೇಗ ಬರೆದ ಆ ಹದ್ದಿನ ಲೋಗೋ, ಅಮೆರಿಕದ ಅಧ್ಯಕ್ಷರ ಮುದ್ರೆ ನೋಡಿ ಮಾಡಿದ್ದು. ಒಂದು ಕಾಲಲ್ಲಿ ಸೇಬಿನ ಕೊಂಬೆ, ಇನ್ನೊಂದರಲ್ಲಿ ಬೇಸ್‌ಬಾಲ್ ಬ್ಯಾಟ್. ಹಾಡು ಕೇಳದವರೆಲ್ಲ ಆ ಟೀ ಶರ್ಟ್ ಹಾಕುತ್ತಾರೆ ಅಂತ ಗೊಣಗುವ ಅಭಿಮಾನಿಗಳಿದ್ದಾರಲ್ಲ, ಅವರ ಗುಂಪಿಗೆ ನಾನು ಸೇರಲ್ಲ. ಹಾಕ್ಕೊಳ್ಳಲಿ ಬಿಡಿ. ಮೊದಲ ಆಲ್ಬಂಗೆ ಅಮೆರಿಕದಲ್ಲಿ ಗೋಲ್ಡ್ (ಮಾರಾಟ ನೋಡಿ ಕೊಡುವ ಮನ್ನಣೆ) ಸಿಕ್ಕಿದ್ದು 2014ರಲ್ಲಿ, 38 ವರ್ಷ ಆದ ಮೇಲೆ. ಅಷ್ಟರಲ್ಲಿ ಜೋಯಿ, ಡೀ ಡೀ, ಜಾನಿ ಮೂವರೂ ಇರಲಿಲ್ಲ. ಟಾಮಿಯೂ ಅದೇ ವರ್ಷ ಜುಲೈನಲ್ಲಿ ಹೋದ.

ಸಂಗೀತದವರಿಗೆ ಮಾತ್ರ ಇವರು ಯಾರು ಅಂತ ಮೊದಲೇ ಗೊತ್ತಿತ್ತು. ಮೋಟರ್‌ಹೆಡ್ ಬ್ಯಾಂಡಿನ ಲೆಮ್ಮಿ 1991ರಲ್ಲೇ ಇವರ ಹೆಸರಿನ ಮೇಲೆ ಹಾಡು ಮಾಡಿದ. ಪರ್ಲ್ ಜಾಮ್ ಬ್ಯಾಂಡಿನ ಹಾಡುಗಾರ ಎಡ್ಡಿ ವೆಡ್ಡರ್ ಕೊನೇ ಶೋನಲ್ಲಿ ಸ್ಟೇಜ್ ಹತ್ತಿದ್ದ. 2002ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಇವರನ್ನು ಸೇರಿಸುವಾಗ ಅದೇ ಎಡ್ಡಿ ಕೂದಲನ್ನು ಮೊಹಾಕ್ (ಎರಡೂ ಬದಿ ಬೋಳಿಸಿ ನಡುವೆ ಮಾತ್ರ ಬಿಡುವುದು) ಮಾಡಿಸಿಕೊಂಡು ಬಂದು ಹದಿನೈದು ನಿಮಿಷಕ್ಕೂ ಜಾಸ್ತಿ ಮಾತಾಡಿದ. ಅಷ್ಟು ಹೊತ್ತಿನಲ್ಲಿ ರಮೋನ್ಸ್ ಏಳು ಹಾಡು ಮುಗಿಸುತ್ತಿದ್ದರು.

ಹೊಸಬರು ಮೊದಲ ಮೂರು ಆಲ್ಬಂ ಕೇಳಿ ಸಾಕು. 1980ರಲ್ಲಿ ಪ್ರೊಡ್ಯೂಸರ್ ಫಿಲ್ ಸ್ಪೆಕ್ಟರ್ ಮಾಡಿಕೊಟ್ಟ ಆಲ್ಬಂ ಇವರ ಬೇರೆಲ್ಲ ಆಲ್ಬಂಗಳಿಗಿಂತ ಚಾರ್ಟಿನಲ್ಲಿ ಮೇಲೆ ಹೋಯಿತು, ನಿಜ. ಪಿಟೀಲು ಗಿಟೀಲು ಎಲ್ಲ ಇದೆ ಅದರಲ್ಲಿ. ನನಗೆ ಸೇರಲ್ಲ. ಅದೇ ಬೆಸ್ಟ್ ಅನ್ನುವವರೂ ಇದ್ದಾರೆ, ಅವರ ಜೊತೆ ಜಗಳ ಇನ್ನೊಂದು ದಿನ ಇಟ್ಟುಕೊಳ್ಳೋಣ.