ಮ್ಯಾಪ್ ಎಷ್ಟು ದೊಡ್ಡದು ಅಂತ ಕೇಳೋದು ಬಿಡಿ, ದಾರಿ ಹೇಗೆ ತೋರಿಸ್ತಾರೆ ಅಂತ ಕೇಳಿ

ಹೊಸ ಓಪನ್ ವರ್ಲ್ಡ್ ಗೇಮ್ (ದೊಡ್ಡ ಲೋಕದಲ್ಲಿ ಬೇಕಾದ ಕಡೆ ಸುತ್ತಾಡಬಹುದಾದ ವಿಡಿಯೊ ಗೇಮ್) ಘೋಷಣೆಯಾದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: ಮ್ಯಾಪ್ ಎಷ್ಟು ದೊಡ್ಡದು? ಹಿಂದಿನದಕ್ಕಿಂತ ನಾಲ್ಕು ಪಟ್ಟು ಅಂದುಬಿಟ್ಟರೆ ಮುಗೀತು, ಮುಂಗಡ ಬುಕಿಂಗ್ ಶುರು. ವಿಸ್ತೀರ್ಣ ನಾಲ್ಕು ಪಟ್ಟಾದರೆ ಉದ್ದಗಲ ಬೆಳೆಯೋದು ಬರೀ ಎರಡು ಪಟ್ಟು ಅನ್ನೋದು ಆ ಸಂಭ್ರಮದಲ್ಲಿ ಯಾರಿಗೂ ಹೊಳೆಯಲ್ಲ.

ಲೆಕ್ಕ ಹಾಕೋದಾದರೆ ಸಮಯದಲ್ಲಿ ಹಾಕಬೇಕು. 6 ಕಿ.ಮೀ. ಉದ್ದ, 6 ಕಿ.ಮೀ. ಅಗಲದ ಒಂದು ಲೋಕ ಇದೆ ಅಂದುಕೊಳ್ಳಿ, ಅಂದರೆ 36 ಚದರ ಕಿ.ಮೀ. ಸೆಕೆಂಡಿಗೆ 5 ಮೀಟರ್ ಓಡುವ ಪಾತ್ರಕ್ಕೆ ಈ ಅಂಚಿನಿಂದ ಆ ಅಂಚಿಗೆ 20 ನಿಮಿಷ. 12 ಮೀಟರ್ ವೇಗದ ಕುದುರೆಗೆ ಎಂಟು ನಿಮಿಷ ಚಿಲ್ಲರೆ. 40 ಮೀಟರ್ ವೇಗದ ಕಾರಿಗೆ ಎರಡೂವರೆ ನಿಮಿಷ. ನೆಲ ಅದೇ, ಆದರೆ ಕೂತ ವಾಹನಕ್ಕೆ ತಕ್ಕಂತೆ ಲೋಕ ಹಿಗ್ಗುತ್ತೆ, ಕುಗ್ಗುತ್ತೆ. ಓಡುವವನಿಗೆ 40 ಸೆಕೆಂಡಿಗೊಮ್ಮೆ ಏನಾದರೂ ಸಿಗಬೇಕು ಅಂದರೆ 200 ಮೀಟರಿಗೊಂದು ಜಾಗ ಬೇಕು. 36 ಚ.ಕಿ.ಮೀ.ಗೆ ಅಂಥವು 900. ಉದ್ದಗಲ ದುಪ್ಪಟ್ಟು ಮಾಡಿದರೆ 3,600. ಅಷ್ಟನ್ನೂ ಕೈಯಾರೆ ಮಾಡೋರು ಯಾರು? ಒಂದೇ ಡಕಾಯಿತರ ಬಿಡಾರವನ್ನು ನಲವತ್ತು ಕಡೆ ಅಂಟಿಸೋದು ಇಲ್ಲಿಂದಲೇ ಶುರುವಾಗುತ್ತೆ. 1996ರ ಡ್ಯಾಗರ್‌ಫಾಲ್ ಅನ್ನೋ ಗೇಮಿನ ಲೋಕ ಸುಮಾರು 1,60,000 ಚ.ಕಿ.ಮೀ. ಇತ್ತು, ಬಹುಪಾಲು ಕಂಪ್ಯೂಟರೇ ಹುಟ್ಟಿಸಿದ್ದು. ಅದರಲ್ಲಿ ಊರಿಂದೂರಿಗೆ ನಡೆದು ಹೋಗುವ ಹುಚ್ಚು ಹೆಚ್ಚಿನವರಿಗೆ ಇರಲಿಲ್ಲ. ಮ್ಯಾಪ್ ತೆಗೆದು ಊರಿನ ಹೆಸರು ಒತ್ತೋದು, ಇಳಿಯೋದು, ಅಷ್ಟೇ.

   

ಚಿಕ್ಕದನ್ನು ದೊಡ್ಡದಾಗಿ ಕಾಣಿಸೋದೇ ನಿಜವಾದ ಕಸುಬು. 2004ರ ಜಿಟಿಎ ಸ್ಯಾನ್ ಆಂಡ್ರಿಯಾಸ್ ಸುಮಾರು ಮೇಲಿನ ಲೆಕ್ಕದಷ್ಟೇ, 36 ಚ.ಕಿ.ಮೀ. ಅದರೊಳಗೆ ಮೂರು ನಗರ, ಒಂದು ಮರುಭೂಮಿ, ಕಾಡು, ಬೆಟ್ಟ. ಆದರೂ ಒಂದು ರಾಜ್ಯವನ್ನೇ ಸುತ್ತಿದಂತೆ ಅನಿಸುತ್ತಿತ್ತು. ಯಾಕೆ? ಹಳ್ಳಿ ಕಡೆಯ ರಸ್ತೆಗಳು ಸುತ್ತಿ ಬಳಸಿ ಹೋಗುತ್ತವೆ, ದೂರಕ್ಕೆ ಮಂಜು ಕವಿದಿರುತ್ತೆ, ಮುಂದಿನ ನಗರ ಹತ್ತಿರ ಹೋಗುವವರೆಗೆ ಕಾಣಲ್ಲ. ಹಳೇ ಪ್ಲೇಸ್ಟೇಷನ್ 2ರ ದುರ್ಬಲತೆಯನ್ನೇ ಬಂಡವಾಳ ಮಾಡಿಕೊಂಡಿದ್ದು ಅದು. 2021ರಲ್ಲಿ ರೀಮಾಸ್ಟರ್ (ಅದೇ ಗೇಮಿನ ಹೊಳಪು ಕೊಟ್ಟ ಹೊಸ ಆವೃತ್ತಿ) ಬಿಡುಗಡೆಯಾದಾಗ ಆ ಮಂಜು ಬಹುಪಾಲು ಮಾಯ. ವಿಮಾನ ಹತ್ತಿ ನೋಡಿದರೆ ಆ ತುದಿಯ ನಗರ ಈ ತುದಿಗೇ ಕಾಣುತ್ತಿತ್ತು, ಇಡೀ ರಾಜ್ಯ ಮೇಜಿನ ಮೇಲಿಟ್ಟ ಆಟಿಕೆ. ಒಂದಡಿ ನೆಲವೂ ಕಡಿಮೆಯಾಗಿರಲಿಲ್ಲ ನೋಡಿ.

ಈ ಮಂಜು ತೆಗೆದವರಿಗಿಂತ ದೊಡ್ಡ ಹಾನಿ ಮಾಡಿದ್ದು ಮಿನಿಮ್ಯಾಪ್ ಅನ್ನೋದು ನನ್ನ ವಾದ. ಮೂಲೆಯಲ್ಲಿ ಒಂದು ವೃತ್ತ, ಅದರಲ್ಲಿ ದಾರಿ ತೋರಿಸುವ ಚುಕ್ಕೆಗಳ ಗೆರೆ. ಕೋಟಿಗಟ್ಟಲೆ ಸುರಿದು ಕಟ್ಟಿದ ಲೋಕ ಕಣ್ಮುಂದೆ ಇದ್ದರೂ ಆಟಗಾರ ನೋಡೋದು ಆ ಗೆರೆಯನ್ನು. ಐವತ್ತು ಗಂಟೆ ಆಡಿದವನಿಗೂ ಗೆರೆ ಇಲ್ಲದೆ ಊರಿಂದೂರಿಗೆ ಹೋಗೋಕೆ ಬರಲ್ಲ.

ಹಾಗಂತ ಅದನ್ನು ಆಫ್ ಮಾಡಿದರೆ ಎಲ್ಲ ಸರಿಹೋಗುತ್ತಾ? ಇಲ್ಲ. ಎಲ್ಡರ್ ಸ್ಕ್ರೋಲ್ಸ್ ಸರಣಿಯ ಸ್ಕೈರಿಮ್‌ನಲ್ಲಿ ಕ್ವೆಸ್ಟ್ ಮಾರ್ಕರ್ (ಒಪ್ಪಿಸಿದ ಕೆಲಸದ ಜಾಗ ತೋರಿಸುವ ಗುರುತು) ತೆಗೆದು ನೋಡಿ, ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಗುತ್ತೆ. ಇಂಥ ಗುಹೆಗೆ ಹೋಗು ಅಂತಾರೆ ಹೊರತು ಅದು ಯಾವ ದಿಕ್ಕಿಗಿದೆ ಅಂತ ಎಷ್ಟೋ ಕ್ವೆಸ್ಟ್‌ಗಳಲ್ಲಿ ಯಾರೂ ಹೇಳಲ್ಲ, ಗೇಮಿನೊಳಗಿನ ದಿನಚರಿಯಾದ ಜರ್ನಲ್‌ನಲ್ಲೂ ಇರಲ್ಲ. ಮಾರ್ಕರ್ ಇದ್ದೇ ಇರುತ್ತೆ ಅಂದುಕೊಂಡೇ ಸಂಭಾಷಣೆ ಬರೆದಿದ್ದಾರೆ. ಅದೇ ಸರಣಿಯ 2002ರ ಮಾರೋವಿಂಡ್‌ನಲ್ಲಿ ಮಾರ್ಕರ್ರೇ ಇರಲಿಲ್ಲ. ಶುರುವಿನಲ್ಲೇ ಬಾಲ್ಮೋರಾ ಅನ್ನೋ ಊರಿನಿಂದ ಆರ್ಕ್‌ನ್‌ಥ್ಯಾಂಡ್ ಅನ್ನೋ ಪಾಳು ಜಾಗಕ್ಕೆ ಕಳಿಸುತ್ತಾರೆ: ಊರಾಚೆ ಹೋಗು, ಮೂನ್‌ಮಾತ್ ಕೋಟೆ ದಾಟು, ಡ್ವೆಮರ್ ಅನ್ನೋ ಅಳಿದುಹೋದ ಜನಾಂಗದ ಹಳೇ ಸೇತುವೆ ಹಿಡಿ. ಅಲ್ಲಿಗೆ ಮುಟ್ಟಿದರೂ ಬಾಗಿಲು ತಾನಾಗಿ ತೆರೆಯಲ್ಲ, ಹೊರಗೇ ಇರುವ ತಿರುಗಣೆಯನ್ನು ಕಣ್ಣು ಬಿಟ್ಟು ಹುಡುಕಿ ತಿರುಗಿಸಬೇಕು. ಈ ಗೇಮಿನಲ್ಲಿ ಕೆಲವರು ಹೇಳುವ ದಿಕ್ಕೇ ತಪ್ಪು, ಅದಕ್ಕೆ ಬೈಯಲೇಬೇಕು. ಆದರೆ ಸ್ಕೈರಿಮ್‌ಗಿಂತ ಚಿಕ್ಕದಾದ ಮಾರೋವಿಂಡ್‌ನ ದ್ವೀಪ ಅದಕ್ಕಿಂತ ದೊಡ್ಡದಾಗಿ ಮನಸ್ಸಿನಲ್ಲಿ ಉಳಿದಿರೋದು ಹೀಗೆ. ನಡಿಗೆ ನಿಧಾನ, ನಡುವೆ ರೆಡ್ ಮೌಂಟನ್ ಅನ್ನೋ ಜ್ವಾಲಾಮುಖಿ ಅಡ್ಡ, ಸವಾರಿಗೆ ಸಿಗುವ ದೈತ್ಯ ಕೀಟ ಸಿಲ್ಟ್ ಸ್ಟ್ರೈಡರ್ ಹೋಗೋದು ನಿಗದಿಯಾದ ಊರುಗಳಿಗೆ ಮಾತ್ರ. ಇಳಿದ ಮೇಲೆ ಉಳಿದದ್ದು ಕಾಲ್ನಡಿಗೆ.

ಜೆಲ್ಡಾ ಸರಣಿಯ ಬ್ರೆತ್ ಆಫ್ ದಿ ವೈಲ್ಡ್ ಗೇಮಿನ ತಂಡ 2017ರಲ್ಲಿ ತಾವು ನೆಲ ಕಟ್ಟಿದ ರೀತಿ ವಿವರಿಸಿತ್ತು: ಎಲ್ಲೆಲ್ಲೂ ತ್ರಿಕೋನ. ದೊಡ್ಡ ತ್ರಿಕೋನ ದೂರದ ಗುರುತು, ನಡುಗಾತ್ರದ್ದು ಹಿಂದಿರುವುದನ್ನು ಮರೆಮಾಡೋಕೆ, ಚಿಕ್ಕದು ನಡಿಗೆಯ ಲಯ ಬದಲಿಸೋಕೆ. ಗುಡ್ಡ ಎದುರಾದರೆ ಹತ್ತಬೇಕಾ, ಬಳಸಬೇಕಾ ಅಂತ ಆಟಗಾರನೇ ತೀರ್ಮಾನಿಸಬೇಕು. ಬಳಸಿದರೆ ಮರೆಯಲ್ಲಿದ್ದದ್ದು ಒಂದೊಂದಾಗಿ ಹೊರಬರುತ್ತೆ. ಗೋಪುರ ಹತ್ತಿದರೂ ಮ್ಯಾಪಿನಲ್ಲಿ ಬರೀ ನೆಲ ತೆರೆದುಕೊಳ್ಳುತ್ತೆ, ಐಕಾನ್‌ಗಳ ಮಳೆ ಸುರಿಯಲ್ಲ. ದೂರದರ್ಶಕದಲ್ಲಿ ನೋಡಿ ಪಿನ್ ಹಾಕೋದು ನಿಮ್ಮ ಕೆಲಸ. ಎಲ್ಡನ್ ರಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ: ಹೊಸ ಪ್ರದೇಶ ಸಿಕ್ಕ ಹಾಗೆ ಮ್ಯಾಪಿನ ಹಾಳೆಯೇ ಹಿಗ್ಗುತ್ತೆ, ಒಟ್ಟು ಎಷ್ಟು ಅಂತ ಮೊದಲೇ ಬಿಟ್ಟುಕೊಡಲ್ಲ. ಘೋಸ್ಟ್ ಆಫ್ ತ್ಸುಶಿಮಾದಲ್ಲಿ ಗುರಿಯ ಕಡೆಗೆ ಬೀಸುವ ಗಾಳಿಯೂ ಒಂದು ಮಾರ್ಕರ್ರೇ, ಆದರೆ ಹುಲ್ಲು ಬಾಗಿದ ಕಡೆ ನೋಡುವಾಗ ಕಣ್ಣು ಲೋಕದ ಮೇಲೇ ಇರುತ್ತೆ. ನನಗೆ ಅಷ್ಟು ಸಾಕು.

ಈಗಿರುವ ಗೇಮ್‌ಗಳಲ್ಲೇ ಪ್ರಯತ್ನಿಸೋದಾದರೆ ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಬೇಡಿ. ಮೊದಲು ಮಿನಿಮ್ಯಾಪ್ ಮಾತ್ರ ತೆಗೆಯಿರಿ, ದಿಕ್ಸೂಚಿ ಇದ್ದರೆ ಇರಲಿ. ದೊಡ್ಡ ಮ್ಯಾಪನ್ನು ಹೊರಡುವಾಗ ಒಮ್ಮೆ ನೋಡಿ, ನದಿ, ಸೇತುವೆ, ಕವಲುದಾರಿ ಅಂತ ಮೂರು ಗುರುತು ನೆನಪಿಟ್ಟು ಮುಚ್ಚಿ. ವಿಚರ್ 3ರಲ್ಲಿ 2022ರ ಅಪ್‌ಡೇಟ್ ಆದಮೇಲೆ ಮಿನಿಮ್ಯಾಪ್ ತಾನಾಗಿ ಮರೆಯಾಗಿ, ಕಾದಾಟದಲ್ಲೋ ವಿಚರ್ ಸೆನ್ಸ್ (ನಾಯಕನಿಗೆ ಸುಳಿವು ಕಾಣಿಸುವ ವಿಶೇಷ ಶಕ್ತಿ) ಒತ್ತಿದಾಗಲೋ ಮಾತ್ರ ಬರುವ ಹಾಗೆ ಇಡಬಹುದು. ಅಲ್ಲಿ ಫಾಸ್ಟ್ ಟ್ರಾವೆಲ್‌ಗೆ, ಅಂದರೆ ಕಂಡ ಊರಿಗೆ ಕ್ಷಣದಲ್ಲಿ ಜಿಗಿಯೋಕೆ, ಹೇಗೂ ಕೈಕಂಬದವರೆಗೆ ಹೋಗಲೇಬೇಕು. ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ ಆಡುವವರು ಎಕ್ಸ್‌ಪ್ಲೊರೇಷನ್ ಮೋಡ್ ಆರಿಸಿ. ಅದರಲ್ಲಿ ಮಾರ್ಕರ್ ಬದಲು ಇಂಥ ಪ್ರದೇಶದಲ್ಲಿ, ಇಂಥ ಜಾಗದ ದಕ್ಷಿಣಕ್ಕೆ ಅಂತ ಸುಳಿವು ಕೊಡುತ್ತಾರೆ, ಉಳಿದದ್ದನ್ನು ಹದ್ದು ಹಾರಿಸಿ ಹುಡುಕಿಕೊಳ್ಳಬೇಕು.