ಎಡಗಾಲಿಗೆ ಕೆಲಸ ಬೇಕಾಗಿತ್ತು

ನಿನ್ನೆ ಸಂಜೆ ನನ್ನದೇ ಕಾರಿನ ಹಿಂದೆ ಮುಂದೆ ನಾನೇ ಎಲ್ ಬೋರ್ಡು ಅಂಟಿಸಿದೆ. ವಯಸ್ಸು 44. ಅಡಿಕೆ ಮಂಡಿಯ ಓಮ್ನಿಯಲ್ಲಿ ಮೂಟೆ ತುಂಬಿಕೊಂಡು, ಮಳೆಗಾಲದ ಮಂಜಿನಲ್ಲಿ, ಎದುರಿಂದ ಉಡುಪಿ ಬಸ್ಸು ಮೈಮೇಲೆ ಬರುವಾಗ ಆಗುಂಬೆಯ 14 ತಿರುವು ಇಳಿಸಿದವನು ನಾನು. ಅಂಥವನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ರಸ್ತೆ ಬದಿ ಕುಕ್ಕರುಗಾಲಲ್ಲಿ ಕೂತು, ಕೆಂಪು ಎಲ್ ಸೊಟ್ಟಗಾಯಿತಾ ನೋಡುತ್ತಿದ್ದೆ. ಪಕ್ಕದ ಮನೆಯ ಹುಡುಗ ಸೈಕಲ್ ನಿಲ್ಲಿಸಿ "ಗುಡ್ ಲಕ್" ಅಂದ. ಮೈಯೆಲ್ಲ ಉರಿದುಹೋಯಿತು.

ಇದಕ್ಕೆಲ್ಲ ಮೂಲ ನಮ್ಮ ಭಾವ. ಇಲ್ಲಿಗೆ ಬಂದ ಮೊದಲ 12 ತಿಂಗಳು ನಮ್ಮೂರಿನ ಲೈಸೆನ್ಸಿನಲ್ಲೇ ಓಡಿಸಬಹುದು; ಆಮೇಲೆ ಇಲ್ಲಿನ ಪರೀಕ್ಷೆ ಪಾಸಾಗಬೇಕು. "ಆಟೊಮ್ಯಾಟಿಕ್‌ನಲ್ಲಿ ಕೊಟ್ಬಿಡೋ, ಸುಮ್ನೆ ಕ್ಲಚ್ಚು ಗಿಚ್ಚು ಅಂತ ಯಾಕೆ ಒದ್ದಾಡ್ತೀಯ" ಅಂದರು ಭಾವ. ಕೊಟ್ಟೆ. ಅಭ್ಯಾಸಬಲದಿಂದ ಎಡಗಾಲು ಕ್ಲಚ್ಚೆಂದು ಬ್ರೇಕನ್ನೇ ತುಳಿದು, ಕಲಿಸುವ ಮೇಡಂ ಎರಡು ಸಲ ಗಾಜಿಗೆ ನಮಸ್ಕಾರ ಮಾಡಿಬಂದರು ಅನ್ನುವುದು ಬಿಟ್ಟರೆ ಎಲ್ಲ ಸುಸೂತ್ರ. ಪಾಸಾದೆ. ಲೈಸೆನ್ಸಿನ ಹಿಂಬದಿಯಲ್ಲಿ 78 ಎಂದು ಒಂದು ಪುಟ್ಟ ಅಂಕಿ ಇತ್ತು. ಅದೇನೋ ಸೀರಿಯಲ್ ನಂಬರ್ ಇರಬೇಕೆಂದುಕೊಂಡೆ. ಆಟೊಮ್ಯಾಟಿಕ್ ಬಿಟ್ಟು ಬೇರೆ ಮುಟ್ಟಕೂಡದು ಎಂದು ಅದರ ಅರ್ಥವಂತೆ. ಅಂದರೆ ಪರೀಕ್ಷೆಗೆ ಮೊದಲು ಗೇರಿನ ಕಾರು ಓಡಿಸುವ ಹಕ್ಕಿದ್ದವನು, ಪಾಸಾದ ಮೇಲೆ ಅದನ್ನು ಕಳೆದುಕೊಂಡೆ.

ಕಾರು ತಗೊಳ್ತೀನಿ, ಬಹುಶಃ ಆಟೋನೇ ಎಂದು ತೀರ್ಥಹಳ್ಳಿಗೆ ಫೋನ್ ಮಾಡಿದಾಗ ಅಮ್ಮ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಆಟೋ ಓಡ್ಸಕ್ಕೆ ಅಷ್ಟು ದೂರ ಯಾಕೆ ಹೋದ್ಯಾ ಮಗಾ? ಇಲ್ಲೇ ಸ್ಟ್ಯಾಂಡಲ್ಲಿ ಬಿಡಬಹುದಿತ್ತಲ್ಲ" ಅಂದಳು.

ಮೊದಲ ಕಾರು ಎಂದರೆ ಬುದ್ಧಿ ಇದ್ದವರು ಚಿಕ್ಕದೊಂದು ಹ್ಯಾಚ್‌ಬ್ಯಾಕ್ ತಗೊಳ್ಳುತ್ತಾರೆ. ನನಗೆ ಹಿಡಿದದ್ದು ಎಂಜಿಬಿ ಹುಚ್ಚು: ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ನೆಲಕ್ಕೆ ಅಂಟಿದಂತೆ ಓಡುವ ಕಾರು. 1962ರಿಂದ 1980ರವರೆಗೆ ಇಲ್ಲೇ ಹತ್ತಿರದ ಆ್ಯಬಿಂಗ್ಡನ್‌ನಲ್ಲಿ ತಯಾರಾಗುತ್ತಿತ್ತು. 40 ವರ್ಷ ದಾಟಿದ ಗಾಡಿಗೆ ಇಲ್ಲಿ ರಸ್ತೆ ತೆರಿಗೆ ಇಲ್ಲ ಎಂಬುದನ್ನು ಹೆಂಡತಿಗೆ ಮೂರು ಸಲ ಹೇಳಿದೆ. "ಪಾರ್ಟ್ಸಿಗೆ?" ಎಂದು ಒಂದೇ ಸಲ ಕೇಳಿದಳು.

ವಿಚಿತ್ರವೆಂದರೆ ಎಂಜಿಬಿಯಲ್ಲೂ ಆಟೊಮ್ಯಾಟಿಕ್ ಇತ್ತು. 1967ರಿಂದ 73ರವರೆಗೆ, ಬೇಕೆಂದವರಿಗೆ ಬೋರ್ಗ್ ವಾರ್ನರ್ ಕಂಪನಿಯ ಮೂರು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಹಾಕಿ ಕೊಡುತ್ತಿದ್ದರು, ಬೇಕೆಂದವರೇ ಕಡಿಮೆ. ಹುಡುಕಿ ಹುಡುಕಿ ಒಂದನ್ನು ನೋಡಿಬಂದೆ. ಕಾನೂನಿನ ಪ್ರಕಾರ ಅದೇ ನನ್ನ ಹಣೆಬರಹ. ಕೂತೆ, ಓಡಿಸಿದೆ. ಒಗ್ಗರಣೆ ಹಾಕದ ಸಾರಿನ ಹಾಗಿತ್ತು.

ಮಾರನೆಯ ದಿನ ಆ್ಯಬಿಂಗ್ಡನ್ ಪಕ್ಕದ ಹಳ್ಳಿಯಲ್ಲಿ ಇನ್ನೊಂದು. 1972ರದ್ದು, ಗೇರಿನದು. ಸುಮ್ಮನೆ ನೋಡೋಣ ಅಂತ ಹೋದದ್ದು. ಮುದುಕಪ್ಪ ಚೋಕ್ ಎಳೆದು ಕೀಲಿ ತಿರುಗಿಸಿದ. ಆ ಸದ್ದು ಕೇಳಿ ನನಗೆ ಮಾತು ಹೊರಡಲಿಲ್ಲ. ಅದು ನಮ್ಮ ಅಂಬಾಸಿಡರಿನ ಸದ್ದು! ನಿಜಕ್ಕೂ ಒಂದೇ ವಂಶ: ಬಿ ಸೀರೀಸ್ ಎಂಜಿನ್, ಅದರಲ್ಲಿ 1489 ಸಿಸಿ, ಇದರಲ್ಲಿ 1798. ಅಪ್ಪ ಮಂಡಿ ಸಾಹುಕಾರರ ಅಂಬಾಸಿಡರಿಗೆ ಡ್ರೈವರ್. ನಮ್ಮ ಮನೆಗೆ ಆ ಕಾರು ತೊಳೆಸಿಕೊಳ್ಳುವುದಕ್ಕೆ ಮಾತ್ರ ಬರುತ್ತಿತ್ತು. ತೊಳೆದಾದ ಮೇಲೆ ಅಪ್ಪ ನನ್ನನ್ನು ತೊಡೆ ಮೇಲೆ ಕೂರಿಸಿಕೊಂಡು, ಸ್ಟೀರಿಂಗ್ ಪಕ್ಕದ ಗೇರಿನ ಕಡ್ಡಿ ಮೇಲೆ ನನ್ನ ಕೈ, ಅದರ ಮೇಲೆ ತಮ್ಮ ಕೈ ಇಟ್ಟು, "ಹ್ಞಾಂ, ಈಗ ಸೆಕೆಂಡು" ಅನ್ನುತ್ತಿದ್ದರು. ಕೈಗೆ ಸೋಪಿನ ವಾಸನೆ.

ಮುದುಕಪ್ಪನ ಹತ್ತಿರ ಚೌಕಾಸಿ ಮಾಡುವುದೂ ಮರೆತುಹೋಯಿತು.

ಈಗ ಕಾರು ನನ್ನದು, ಓಡಿಸುವ ಹಕ್ಕು ನನ್ನದಲ್ಲ. ಗೇರಿನ ಪರೀಕ್ಷೆ ಮತ್ತೆ ಕೊಡುವವರೆಗೆ ಎಲ್ ಬೋರ್ಡು ಹಾಕಿಕೊಂಡು, ಪಕ್ಕದಲ್ಲಿ ಗೇರಿನ ಲೈಸೆನ್ಸ್ ಪಡೆದು ಮೂರು ವರ್ಷವಾದವರನ್ನು ಕೂರಿಸಿಕೊಂಡೇ ಓಡಿಸಬೇಕು. ಭಾವನನ್ನು ಕರೆದೆ, ಅವರದ್ದೂ 78! ಉಳಿದವಳು ಹೆಂಡತಿ. ಅವಳು ನನಗಿಂತ ಮೊದಲೇ ಬಂದವಳು, ನರ್ಸು, ನಾಲ್ಕು ವರ್ಷದಿಂದ ಡ್ಯೂಟಿಗೆ ಗೇರಿನ ಕಾರು ಓಡಿಸುತ್ತಿದ್ದಾಳೆ. ಘಾಟಿ ಇಳಿಯುವಾಗ ಇದೇ ಹೆಂಡತಿ ಪಕ್ಕದಲ್ಲಿ ನಿದ್ದೆ ಹೊಡೆಯುತ್ತಿದ್ದಳು. ಈಗ ಅವಳು ಅಧಿಕೃತ ಮೇಲ್ವಿಚಾರಕಿ. ಪಕ್ಕ ಕೂತು ಕಲಿಸುವವರೂ ಮೊಬೈಲ್ ಹಿಡಿಯುವಂತಿಲ್ಲ ಎಂದು ಕಾನೂನು. ಅಲ್ಲಿಗೆ ಅವಳ ಗಮನವಿಡೀ ನನ್ನ ಮೇಲೆ.

ಅವಳ ಬಲಗಾಲಿದೆಯಲ್ಲ, ಅದರ ಬಗ್ಗೆ ಹೇಳಲೇಬೇಕು. ಅವಳ ಕಡೆ ಬ್ರೇಕೇ ಇಲ್ಲ, ಆದರೂ ನಿಮಿಷಕ್ಕೆ ನಾಲ್ಕು ಸಲ ಒತ್ತುತ್ತಾಳೆ. ಮೊದಲು ಪಾದ, ಆಮೇಲೆ ಮಂಡಿ, ಕೊನೆಗೆ ಸೊಂಟದಿಂದ ಕೆಳಗೆ ಪೂರ್ತಿ. ದೂರದ ಪಾರಿವಾಳಕ್ಕೊಂದು ಒತ್ತು, ನಿಂತ ಕಸದ ಡಬ್ಬಿಗೊಂದು ಒತ್ತು. ಕಾಲ ಕೆಳಗಿನ ಹೊಸ ಮ್ಯಾಟು ಒಂದೇ ದಿನಕ್ಕೆ ಮುದುರಿ ಹೋಗಿದೆ. ಒತ್ತುವಾಗಲೆಲ್ಲ "ಸ್ಸ್..." ಎಂದು ಉಸಿರೆಳೆಯುತ್ತಾಳೆ, ಬಸ್ಸಿನ ಏರ್ ಬ್ರೇಕಿನ ಹಾಗೆ. ನಿನ್ನೆ ಏರಿನ ಸಿಗ್ನಲ್‌ನಲ್ಲಿ ಹಸಿರು ಬಿತ್ತು, ಆ "ಸ್ಸ್" ಕೇಳಿ ಗಾಬರಿಯಲ್ಲಿ ಕ್ಲಚ್ಚು ಬಿಟ್ಟೆ, ಕಾರು ಒಮ್ಮೆ ಜಿಗಿದು ಸತ್ತಿತು. ಮತ್ತೆ ಸ್ಟಾರ್ಟ್, ಮತ್ತೆ "ಸ್ಸ್", ಮತ್ತೆ ಸತ್ತಿತು. ಹಿಂದೆ ಒಂಬತ್ತು ಕಾರು. ಒಬ್ಬರಾದರೂ ಹಾರ್ನ್ ಹೊಡೆಯಬೇಡವೆ? ಬೆಂಗಳೂರಾಗಿದ್ದರೆ ಅವರು ಬೈದು, ನಾನೂ ಬೈದು, ಲೆಕ್ಕ ಚುಕ್ತಾ ಆಗುತ್ತಿತ್ತು. ಇವರೆಲ್ಲ ಎಲ್ ಬೋರ್ಡು ನೋಡಿ ತಾಳ್ಮೆಯಿಂದ ಮುಗುಳ್ನಗುತ್ತ ಕೂತಿದ್ದರು. ಟಾಪು ಬೇರೆ ತೆಗೆದಿತ್ತು, ಮುಖ ಮುಚ್ಚಿಕೊಳ್ಳಲೂ ಜಾಗವಿಲ್ಲ.

"ಹಾಫ್ ಕ್ಲಚ್ಚು ರೀ, ಹಾಫ್ ಕ್ಲಚ್ಚು" ಅಂದಳು.

"ಆಗುಂಬೇಲಿ..." ಎಂದು ಶುರುಮಾಡಿದೆ.

"ಆಗುಂಬೆ ಆಮೇಲೆ. ಮೊದ್ಲು ಈ ಸಿಗ್ನಲ್ ದಾಟಿ. ಅಂಗಡಿ ಮುಚ್ಚೋದ್ರೊಳಗೆ ಅಕ್ಕಿ ತರ್ಬೇಕು."

ತಂದೆವು. 20 ಕೆಜಿ ಸೋನಾ ಮಸೂರಿ ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಬರುವಾಗ ಟಾಪು ತೆಗೆದ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಮೇಲ್ವಿಚಾರಕಿಯ ತೊಡೆ ಮೇಲೆ ಅಕ್ಕಿ ಮೂಟೆ. ಅಷ್ಟು ಭಾರ ಹೊತ್ತ ಕಾಲು ಒಂದೇ ಒಂದು ಸಲವೂ ಬ್ರೇಕ್ ಒತ್ತಲಿಲ್ಲ. ಈ ವಾರ ಬೇಳೆಯೂ ಮುಗಿಯುವ ಹಾಗಿದೆ.